ಉತ್ತರಿ ಮಳೆಯೂ ಸಿಮ್ಲಾದ ಲೆಕ್ಕವೂ

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ. ಅಲ್ಲಿ ಆಷಾಢ ಹೊಕ್ಕಿತೆಂದರೆ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಅಲ್ಲಿಂದ ಇಳಿದ ಹೊಳೆ ಬೈಲಹೊಂಗಲದ ಬಯಲು ಹಾಯ್ದು ನವಿಲುತೀರ್ಥದ ಕಣಿವೆಯನ್ನೂ ಮುನವಳ್ಳಿಯ ಸೀಮೆಯನ್ನೂ ಮುಟ್ಟುವಷ್ಟರಲ್ಲಿ ಮುಗಿಲಿನ ಸ್ವಭಾವವೇ ಬೇರೆಯಾಗಿರುತ್ತದೆ. ಪಡುವಣ ಗಾಳಿ ಹೊತ್ತು ತಂದ ನೀರನ್ನು ಘಟ್ಟದ ಮೇಲೆಯೇ ಚೆಲ್ಲಿ ಇಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ವರ್ಷಕ್ಕೆ ಐದಾರುನೂರು ಮಿಲಿಮೀಟರು ಬಿದ್ದರೆ ಅದೇ ಸುಗ್ಗಿ. ಕಣ್ಣೆದುರು ಕೆಂಪಾಗಿ ತುಂಬಿ ಹರಿಯುವ ಹೊಳೆ, ಬೆನ್ನ ಹಿಂದೆ ಬಾಯಿಬಿಟ್ಟ ಎರೆಭೂಮಿ: ಈ ಎರಡರ ನಡುವೆ ಮುನವಳ್ಳಿಯ ಒಕ್ಕಲು ತಲೆತಲಾಂತರ ಬಾಳಿತು.

ಆ ತುಂಬಿದ ಹೊಳೆ ಒಮ್ಮೆ ಒಂದು ದಂಡನ್ನೇ ನುಂಗಿತು. 1800ನೇ ಇಸವಿಯ ಜುಲೈ 30. ಟಿಪ್ಪುವಿನ ಪತನದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ಚದುರಿದ ಸವಾರರನ್ನು ಕೂಡಿಸಿ, ನಾಡನ್ನೇ ನಡುಗಿಸಿದ್ದ ಧೋಂಡಿಯಾ ವಾಘನ ಪಾಳೆಯ ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಗೆ ಇಳಿದಿತ್ತು. ಬೆನ್ನಟ್ಟಿ ಬಂದ ಆರ್ಥರ್ ವೆಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲಿಂಗ್ಟನ್, ಅದರ ಮೇಲೆ ಎರಗಿದ. ಮಳೆಗಾಲದ ಹೊಳೆ; ಹಿಂದಕ್ಕೆ ದಾರಿಯಿಲ್ಲ. ಸುಮಾರು ಐದು ಸಾವಿರ ಜನರನ್ನು ನೀರಿಗೆ ಅಟ್ಟಿದೆವೆಂದು ಅವನೇ ಮರುದಿನ ಕಾಗದ ಬರೆದ. ಧೋಂಡಿಯಾ ಅಂದು ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಮಡಿದ. ಇಂಗ್ಲಿಷರ ದಫ್ತರಗಳಲ್ಲಿ 'ಮನೋಳಿ' ಎಂಬ ಹೆಸರು ಹತ್ತಿದ್ದು ಹೀಗೆ. ದಖ್ಖನ್ನಿನ ಹೊಳೆಗಳು ಯಾವ ತಿಂಗಳು ತುಂಬುತ್ತವೆ, ಯಾವ ತಿಂಗಳು ಕಾಲ್ನಡಿಗೆಗೆ ದಾರಿ ಕೊಡುತ್ತವೆ ಎಂಬುದು ಯುದ್ಧದ ಅರ್ಧ ವಿದ್ಯೆಯೆಂದು ವೆಲೆಸ್ಲಿ ಈ ದಂಡಯಾತ್ರೆಯಲ್ಲಿ ಕಲಿತ. ಮೂರು ವರ್ಷದ ನಂತರ ಮರಾಠರ ಮೇಲಿನ ಯುದ್ಧದಲ್ಲಿ ಅದನ್ನು ಬಳಸಿದ. ಈ ನಾಡಿನ ಮಳೆಯ ಲೆಕ್ಕವನ್ನು ಪರದೇಶದವರು ಇಟ್ಟ ಮೊದಲ ಕಾರಣಗಳಲ್ಲಿ ದಂಡು ದಾಟಿಸುವುದೂ ಒಂದು ಎಂಬುದನ್ನು ಮರೆಯಬಾರದು.

ನಾಡಿನವರ ಲೆಕ್ಕ ಬೇರೆಯದು. ಅದು ತಿಂಗಳುಗಳ ಲೆಕ್ಕವೇ ಅಲ್ಲ, ನಕ್ಷತ್ರಗಳ ಲೆಕ್ಕ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ರೋಹಿಣಿ, ಮಿರಗ, ಆರಿದ್ರಾ ಎಂದು ಮುಂಗಾರಿ ತೊಡಗಿ, ಮಘಾ, ಹುಬ್ಬಿ ದಾಟಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿಗಳಲ್ಲಿ ಹಿಂಗಾರಿ ಮುಗಿಯುತ್ತದೆ. ಯುಗಾದಿಯ ದಿನ ಗುಡಿಯ ಕಟ್ಟೆಯ ಮೇಲೆ ಪಂಚಾಂಗ ಓದಿಸಿ ಆ ಸಲದ ಮಳೆ ಬೆಳೆಯ ಫಲ ಕೇಳುವರು. ಕಾರಹುಣ್ಣಿವೆಯಂದು ಎತ್ತುಗಳಿಗೆ ಜೂಲು ತೊಡಿಸಿ ಕರಿ ಹರಿಯುವರು. ಬಿಳಿಯೆತ್ತು ಮುಂದಾದರೆ ಬಿಳಿಯ ಬೆಳೆ, ಕೆಂದೆತ್ತು ಮುಂದಾದರೆ ಕೆಂಪು ಬೆಳೆ. ಮಳೆ ಬಾರದಿದ್ದರೆ ಗುರ್ಜಿ ಹೊತ್ತು ಮನೆಮನೆ ತಿರುಗುವರು. ಇದನ್ನೆಲ್ಲ ಮೌಢ್ಯವೆಂದು ನಕ್ಕವರು ಬಹಳ ಮಂದಿ. ಎತ್ತಿನ ಓಟದಿಂದ ಮಳೆ ತಿಳಿಯುವುದಿಲ್ಲ, ನಿಜ. ಆದರೆ ಆ ಲೆಕ್ಕ ಕೇಳುತ್ತಿದ್ದ ಪ್ರಶ್ನೆ ಮಾತ್ರ ಬಹಳ ಚೊಕ್ಕವಾದದ್ದು: ಯಾವ ಮಳೆಗೆ ಕೂರಿಗೆ ಹೂಡಬೇಕು? ಬಿತ್ತಿದ ಮೇಲೆ ಮುಂದಿನ ಮಳೆ ಕೈಕೊಡುವುದೋ, ಕಾಯುವುದೋ? ಮುನವಳ್ಳಿ, ಸವದತ್ತಿಯ ಎರೆಭೂಮಿಯಲ್ಲಿ ಬಿಳಿಜೋಳದ ಹಣೆಬರಹ ಬರೆಯುವುದು ಉತ್ತರಿ, ಹಸ್ತದ ಮಳೆಗಳು. ವರ್ಷದ ಒಟ್ಟು ಮಳೆ ಎಷ್ಟೆಂದು ಇಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಪ್ರಶ್ನೆ ಬಂದದ್ದು ಕಲಕತ್ತೆಯಿಂದ.

1864ರ ಅಕ್ಟೋಬರಿನಲ್ಲಿ ಕಲಕತ್ತೆಗೆ ಭೀಕರ ಚಂಡಮಾರುತ ಬಡಿಯಿತು. 1866ರಲ್ಲಿ ಒರಿಸ್ಸಾ ಕ್ಷಾಮಕ್ಕೆ ಸಿಕ್ಕಿತು. ಈ ಪೆಟ್ಟುಗಳ ಬಳಿಕ ಸರಕಾರ 1875ರಲ್ಲಿ ಹವಾಮಾನ ಇಲಾಖೆಯನ್ನು ಕಟ್ಟಿ ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫರ್ಡ್ ಎಂಬವನ ಕೈಗೆ ಕೊಟ್ಟಿತು. ಆತ ಮೂಲತಃ ಭೂವಿಜ್ಞಾನಿ. ಕಲ್ಲು ಓದಲು ಬಂದವನು, ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತ ಮುಗಿಲು ಓದುವುದಕ್ಕೆ ಹೊರಳಿದ್ದ. ಅಲ್ಲಿಯವರೆಗೆ ಒಂದೊಂದು ಪ್ರಾಂತ ಒಂದೊಂದು ರೀತಿ ಅಳೆಯುತ್ತಿತ್ತು; ಉಪಕರಣ ಬೇರೆ, ಹೊತ್ತು ಬೇರೆ. ಅವನ್ನೆಲ್ಲ ಒಂದು ಪದ್ಧತಿಗೆ ತರುವುದೇ ಬ್ಲಾನ್‌ಫರ್ಡನ ಮೊದಲ ಕೆಲಸವಾಯಿತು. ಕಚೇರಿಯ ಅಂಗಳದಲ್ಲಿ ಹುಗಿದ ತಾಮ್ರದ ಲಾಳಿಕೆ, ಅದರ ಕೆಳಗೊಂದು ಬಾಟಲಿ, ಗೀರು ಹಾಕಿದ ಗಾಜಿನ ಅಳತೆಪಾತ್ರೆ. ಬೆಳಿಗ್ಗೆ ಎಂಟಕ್ಕೆ ಕಾರಕೂನ ಬಂದು ನೀರು ಸುರಿದು, ಕಣ್ಣ ಮಟ್ಟಕ್ಕೆ ಹಿಡಿದು, ಇಷ್ಟು ಇಂಚು ಇಷ್ಟು ಸೆಂಟ್ಸು ಎಂದು ವಹಿಯಲ್ಲಿ ಬರೆಯಬೇಕು. ಆ ಅಂಕಿ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮುಂಬಯಿಗೆ, ಅಲ್ಲಿಂದ ಕಲಕತ್ತೆಗೆ ಏರುತ್ತ ಹೋಗುವುದು. ಕೆಳಗೆ ಇಳಿದು ಬರುವ ದಾರಿಯನ್ನು ಯಾರೂ ಹಾಕಿರಲಿಲ್ಲ.

ಇಲಾಖೆ ಹುಟ್ಟಿ ವರ್ಷ ತುಂಬುವಷ್ಟರಲ್ಲಿ ಪರೀಕ್ಷೆ ಬಂತು.

1876ರ ಮುಂಗಾರಿ ಅರೆಬರೆಯಾಯಿತು. ಹೋಗಲಿ, ಹಿಂಗಾರಿ ಇದೆಯಲ್ಲ ಎಂದು ಒಕ್ಕಲು ಹೊಲ ಹರಗಿ ಕೂತಿತು. ಉತ್ತರಿ ಬರಲಿಲ್ಲ. ಹಸ್ತ ಬರಲಿಲ್ಲ. ಬೆಳಗಾವಿಯ ಮೂಡಣ ತಾಲೂಕುಗಳು, ಧಾರವಾಡ, ಕಲಾದಗಿ ಜಿಲ್ಲೆಗಳು, ಆಚೆ ಬಳ್ಳಾರಿ, ಮೈಸೂರು, ಮದ್ರಾಸು ಎಲ್ಲ ಕಡೆಯೂ ಒಂದೇ ಸುದ್ದಿ. ಸವದತ್ತಿ, ಮುನವಳ್ಳಿಗಳು ಆಗ ಪರಸಗಡ ತಾಲೂಕು. ಬರದ ಬಾಯಿಗೆ ಮೊದಲು ಬೀಳುವ ನೆಲ.

ಈ ನಾಡಿಗೆ ಬರ ಹೊಸದಾಗಿರಲಿಲ್ಲ. ಬರಕ್ಕೆ ಇಲ್ಲಿಯ ಉತ್ತರವೆಂದರೆ ಹಗೇವು. ಗಟ್ಟಿ ನೆಲ ನೋಡಿ, ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಅಗಲಿಸಿ ತೋಡಿದ ಕಣಜ. ಗೋಡೆಗುಂಟ ಜೋಳದ ಕಣಿಕೆ ಒತ್ತಿ, ಕಾಳು ಸುರಿದು, ಮೇಲೆ ಹುಲ್ಲು ಹಾಸಿ, ಬಾಯಿಗೆ ಮಣ್ಣು ಮೆತ್ತಿಬಿಟ್ಟರೆ ಒಳ್ಳೆಯ ವರ್ಷದ ಜೋಳ ಕೆಟ್ಟ ವರ್ಷಕ್ಕೆ ಆಗುತ್ತಿತ್ತು. ತೆರೆಯುವುದಕ್ಕೂ ಕ್ರಮವಿತ್ತು. ಬಾಯಿ ಒಡೆದು ಒಳಗಿನ ಉಸಿರು ಹೋಗಲೆಂದು ಹೊತ್ತುಗಟ್ಟಲೆ ಬಿಡಬೇಕು. ದೀಪ ಇಳಿಬಿಟ್ಟು ನೋಡಬೇಕು. ದೀಪ ನಂದಿದರೆ ಇಳಿಯಬಾರದು. ಅವಸರಪಟ್ಟು ಇಳಿದವರು ಮೇಲೆ ಬಾರದ ಕತೆಗಳು ಊರೂರಿಗೂ ಇವೆ. ಆ ಜೋಳಕ್ಕೊಂದು ಹುಳಿವಾಸನೆ. ರೊಟ್ಟಿ ಬಡಿಯುವಾಗಲೇ ಇದು ಹಗೇವಿನದು ಎಂದು ಗೊತ್ತಾಗುತ್ತಿತ್ತು.

ಆದರೆ 1876ರಲ್ಲಿ ಒಡೆದ ಹಗೇವುಗಳಲ್ಲಿ ಮೊದಲಿನಷ್ಟು ಕಾಳಿರಲಿಲ್ಲ ಎಂದು ನನಗನಿಸುತ್ತದೆ. ಹದಿನೈದು ವರ್ಷದ ಹಿಂದೆ, 1861ರಿಂದ 65ರವರೆಗೆ, ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಧಾರವಾಡ ಬೆಳಗಾವಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ರೈತರು ಗಾಲಿಗೆ ಬೆಳ್ಳಿಯ ಪಟ್ಟಿ ಬಡಿಸಿದರೆಂಬ ಮಾತು ಆ ಕಾಲದ್ದೇ. ಜೋಳದ ಹೊಲಗಳು ಹತ್ತಿಗೆ ಹೋದವು. ಯುದ್ಧ ಮುಗಿಯಿತು, ಬೆಲೆ ಇಳಿಯಿತು, ಸಾಲ ಉಳಿಯಿತು. ಹತ್ತಿಯನ್ನು ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲ.

ಈ ಬರದ ನಡುವೆಯೇ 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ದರಬಾರು ನಡೆಸಿ ವಿಕ್ಟೋರಿಯಾಳನ್ನು ಹಿಂದೂಸ್ಥಾನದ ಚಕ್ರವರ್ತಿನಿಯೆಂದು ಸಾರಿದ. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರದ ನಾಡುಗಳನ್ನು ಸುತ್ತುತ್ತ, ಪರಿಹಾರದ ಕೆಲಸಕ್ಕೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕ ಸಾಕೆಂದು ಕೂಲಿ ಕಡಿಮೆ ಮಾಡಿದ. ಕಲ್ಲು ಒಡೆಯುವವನಿಗೆ ಅಷ್ಟು ಅನ್ನ ಸಾಲದೆಂದು ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಪತ್ರದ ಮೇಲೆ ಪತ್ರ ಬರೆದ. ಮುಂಬಯಿ ಪ್ರಾಂತದಲ್ಲಿ ಕೂಲಿಗಳು ಕೆಲಸ ಬಿಟ್ಟು ಹೊರಟೇಹೋದರು. ಟೆಂಪಲ್ ಅದೇ ವರ್ಷ ಮುಂಬಯಿಯ ಗವರ್ನರನಾದ. ಬೆಳಗಾವಿಗೆ ಆಗ ರೈಲಿರಲಿಲ್ಲ. ಎಲ್ಲಿಯೋ ಇದ್ದ ಕಾಳು ಬಂಡಿಯ ಮೇಲೆ ಬರಬೇಕು, ಬಂಡಿ ಎಳೆಯುವ ಎತ್ತಿಗೆ ಮೇವಿಲ್ಲ. ಹಸಿವಿನ ಬೆನ್ನಿಗೆ ಕಾಲರಾ. 1877ರ ಮುಂಗಾರಿಯೂ ಬಹಳ ಕಾಡಿಸಿ ಬಂತು. ಬೆಳೆ ಎದ್ದು ನಿಂತ ಮೇಲೆ, 1878-79ರಲ್ಲಿ, ಇಲಿಗಳ ದಂಡು ಎದ್ದು ಜೋಳದ ತೆನೆ, ಹತ್ತಿಯ ಕಾಯಿ ಬಿಡದೆ ಮೇಯ್ದಿತು. ಕೊಂದು ತಂದ ಇಲಿಗೆ ಸರಕಾರ ಇನಾಮು ಎಣಿಸಿತು.

1872ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ ಒಂಬತ್ತೂಕಾಲು ಲಕ್ಷಕ್ಕೆ ಮೇಲಿದ್ದರು. 1881ರಲ್ಲಿ ಎಣಿಸಿದಾಗ ಎಂಟೂಮುಕ್ಕಾಲು ಲಕ್ಷವೂ ಇರಲಿಲ್ಲ.

ಈ ಮಹಾಕ್ಷಾಮವೇ ಹವಾಮಾನ ಇಲಾಖೆಗೆ ಅದರ ಮುಖ್ಯ ಕೆಲಸವನ್ನು ಕೊಟ್ಟಿತು. ಹಾಗೆ ನೋಡಿದರೆ, ಬಡ ನಾಡೊಂದಕ್ಕಾಗಿ ಮಳೆಯ ಮುನ್ಸೂಚನೆ ಹೇಳುವ ದೊಡ್ಡ ಯೋಜನೆ ಲೋಕದಲ್ಲಿ ಮೊದಲು ತೊಡಗಿದ್ದು ಇಲ್ಲಿಯೇ. ಏಕೆ ಮಳೆ ತಪ್ಪಿತು ಎಂದು ಕೇಳಿದವರಿಗೆ ಮೊದಲು ಹೊಳೆದದ್ದು ಸೂರ್ಯನ ಕಲೆಗಳು. ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುವ ಆ ಕಲೆಗಳಿಗೂ ಮದ್ರಾಸಿನ ಬರಗಳಿಗೂ ನಂಟಿದೆಯೆಂದು ಡಬ್ಲ್ಯು. ಡಬ್ಲ್ಯು. ಹಂಟರ್ ಎಂಬ ಅಧಿಕಾರಿ 1877ರಲ್ಲಿ ವಾದಿಸಿದ. ಬ್ಲಾನ್‌ಫರ್ಡ್ ಆಕಾಶ ಬಿಟ್ಟು ಹಿಮಾಲಯ ಹಿಡಿದ. ಚಳಿಗಾಲ, ವಸಂತಗಳಲ್ಲಿ ಅಲ್ಲಿ ಹಿಮ ಹೆಚ್ಚು ಬಿದ್ದರೆ ಒಣಗಾಳಿ ಬೀಸಿ ಮುಂದಿನ ಮಳೆ ಕುಗ್ಗುತ್ತದೆ ಎಂಬುದು ಅವನ ತರ್ಕ. 1884ರಲ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಬೆಟ್ಟದ ಜಿಲ್ಲೆಗಳ ಅಧಿಕಾರಿಗಳಿಂದ ಹಿಮದ ವರದಿ ತರಿಸಿ, ಕೆಲವು ವರ್ಷ ಒಳಗೊಳಗೇ ಪರೀಕ್ಷಿಸಿ, 1886ರ ಜೂನ್ 4ರಂದು ಇಡೀ ಭಾರತಕ್ಕೂ ಬರ್ಮಾಕ್ಕೂ ಸೇರಿಸಿ ಮೊದಲ ಮುಂಗಾರು ಮುನ್ಸೂಚನೆ ಹೊರಡಿಸಿದ. ಅವನ ಇನ್ನೊಂದು ನೋಟ ಇನ್ನೂ ದೊಡ್ಡದು. ಬರದ ವರ್ಷಗಳಲ್ಲಿ ಗಾಳಿಯ ಒತ್ತಡ ಇಲ್ಲಷ್ಟೇ ಅಲ್ಲ, ಆಸ್ಟ್ರೇಲಿಯದವರೆಗೂ ಏರಿತ್ತೆಂದು ಅವನು ಗುರುತಿಸಿದ್ದ. ಅಡಿಲೇಡಿನಲ್ಲಿ ಕುಳಿತ ಚಾರ್ಲ್ಸ್ ಟಾಡ್, ತಮ್ಮ ಬರವೂ ಭಾರತದ ಬರವೂ ಜೊತೆಜೊತೆಗೇ ಬರುತ್ತವೆಂದು ಅದೇ ದಶಕದಲ್ಲಿ ಹೇಳಿದ.

1889ರಲ್ಲಿ ಜಾನ್ ಎಲಿಯಟ್ ಬ್ಲಾನ್‌ಫರ್ಡನ ಕುರ್ಚಿಗೆ ಬಂದ. ಹಿಮಕ್ಕೆ ಹಿಂದೂ ಮಹಾಸಾಗರದ ಗಾಳಿಗಳನ್ನೂ ಆಸ್ಟ್ರೇಲಿಯದ ಒತ್ತಡವನ್ನೂ ಸೇರಿಸಿದ. ಮುನ್ಸೂಚನೆ ಪುಟಗಟ್ಟಲೆ ಬೆಳೆಯಿತು. 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಅದು ಹೇಳಿತು. ಆ ವರ್ಷ ಮಳೆ ತೀರ ತಪ್ಪಿ, ಗುಜರಾತು, ರಾಜಪುತಾನ, ದಖ್ಖನ್ನುಗಳ ಮೇಲೆ ಇನ್ನೊಂದು ಮಹಾಕ್ಷಾಮ ಎರಗಿತು. ಪತ್ರಿಕೆಗಳು ಇಲಾಖೆಯನ್ನು ಹಿಗ್ಗಾಮುಗ್ಗಾ ಜರೆದವು. ಸರಕಾರ ಕಂಡುಕೊಂಡ ಪರಿಹಾರ ಸ್ವಾರಸ್ಯದ್ದು: ಹೊಸ ಶತಮಾನದ ಮೊದಲ ಕೆಲವು ವರ್ಷ ಮುನ್ಸೂಚನೆಯನ್ನು ಗುಟ್ಟಾಗಿಟ್ಟು ಅಧಿಕಾರಿಗಳಿಗೆ ಮಾತ್ರ ತೋರಿಸಿತು. ಪಂಚಾಂಗದ ಜೋಯಿಸರು ಸುಳ್ಳಾದರೂ ಕಟ್ಟೆಯ ಮೇಲೆ ಕುಳಿತು ಎಲ್ಲರೆದುರು ಸುಳ್ಳಾಗುತ್ತಿದ್ದರು.

ಎಲಿಯಟ್ ತನ್ನ ನಂತರ ಆರಿಸಿದ್ದು ಹವಾಮಾನದ ಗಂಧಗಾಳಿ ಇಲ್ಲದ ಒಬ್ಬ ಗಣಿತಜ್ಞನನ್ನು. ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನಲ್ಲಿ 1889ರ ಗಣಿತ ಪರೀಕ್ಷೆಗೆ ಮೊದಲಿಗ. ತಿರುಗಿ ಕೈಗೆ ಬರುವ ಬೂಮರಾಂಗಿನ ಹಾರಾಟದ ಗಣಿತ ಬರೆದು ಗೆಳೆಯರಲ್ಲಿ ಅದೇ ಅಡ್ಡಹೆಸರು ಪಡೆದಿದ್ದ. 1904ರಿಂದ 1924ರವರೆಗೆ ಸಿಮ್ಲಾದಿಂದ ಇಲಾಖೆ ನಡೆಸಿದ. ಮಳೆಗೆ ಕಾರಣವೇನೆಂಬ ವಾದ ಸದ್ಯಕ್ಕೆ ಬೇಡ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಲೆಕ್ಕ ಹಾಕಿ ನೋಡೋಣ ಎಂಬುದು ಅವನ ದಾರಿ. ಮಾರಿಷಸ್ಸಿನ ಒತ್ತಡ, ಜಂಜಿಬಾರಿನ ಮಳೆ, ದಕ್ಷಿಣ ಅಮೆರಿಕೆಯ ಒತ್ತಡ, ಹಿಮಾಲಯದ ಹಿಮ: ಲೋಕದ ಮೂಲೆಮೂಲೆಯ ದಶಕಗಳ ಅಂಕಿಗಳನ್ನು ತರಿಸಿ, ಒಂದಕ್ಕೊಂದು ತಾಳೆಹಾಕಿಸಿದ. ಗಣಕವಿಲ್ಲದ ಕಾಲ. ಭಾರತೀಯ ಗುಮಾಸ್ತರು ಸಾಲುಸಾಲಾಗಿ ಕುಳಿತು ಕೈಯಿಂದ ಕೂಡಿ ಕಳೆದು ಗುಣಿಸಿದರು. ಪರಸಗಡದಂಥ ತಾಲೂಕುಗಳಿಂದ ಏರಿಹೋದ ಇಂಚು ಸೆಂಟ್ಸುಗಳೂ ಆ ರಾಶಿಯಲ್ಲಿ ಬೆರೆತವು. ಆ ಗುಮಾಸ್ತರ ದುಡಿಮೆಯ ಬಗ್ಗೆ ವಿಜ್ಞಾನದ ಇತಿಹಾಸಗಳು ಇನ್ನಷ್ಟು ಬರೆಯಬೇಕಿತ್ತು.

ಆ ರಾಶಿಯೊಳಗಿಂದ ವಾಕರನಿಗೆ ಒಂದು ಅಚ್ಚರಿ ಎದ್ದುಬಂತು. ಪೆಸಿಫಿಕ್ ಸಾಗರದ ಮೇಲೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಸುತ್ತ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ. ಇದಕ್ಕೆ ಅವನು ದಕ್ಷಿಣದ ಆಂದೋಲನವೆಂದು ಹೆಸರಿಟ್ಟ. ಪೆರುವಿನ ಕರಾವಳಿಯಲ್ಲಿ ಕಡಲು ಬಿಸಿಯೇರುವ ಎಲ್ ನಿನೊಗೂ ಇದಕ್ಕೂ ಇರುವ ಕೊಂಡಿಯನ್ನು 1969ರಲ್ಲಿ ಹವಾಮಾನ ವಿಜ್ಞಾನಿ ಬೆರ್ಕ್‌ನೆಸ್ ಕೂಡಿಸಿ ತೋರಿಸಿದ. 1877ರಲ್ಲಿ ಆ ಬಿಸಿ ದಾಖಲೆಯ ಅತಿ ಜೋರಿನವುಗಳಲ್ಲಿ ಒಂದಾಗಿತ್ತೆಂದು ಈಗ ಗೊತ್ತಾಗಿದೆ. ಮಹಾಕ್ಷಾಮ ಚೀನ, ಬ್ರೆಜಿಲ್, ಈಜಿಪ್ಟುಗಳಲ್ಲೂ ಒಟ್ಟಿಗೆ ಕಾಣಿಸಿಕೊಂಡದ್ದು ಅದರಿಂದಲೇ. ಮುಂಗಾರು ಹಿಡಿಯಲು ಹೊರಟ ವಾಕರನಿಗೆ ಮುಂಗಾರನ್ನು ಹಿಡಿಯಲಾಗಲಿಲ್ಲ. ಹೋಗುವ ದಾರಿಯಲ್ಲಿ ಲೋಕದ ಹವೆಯ ಬಹುದೊಡ್ಡ ನಿಯಮವೊಂದು ಅವನ ಕೈಗೆ ಸಿಕ್ಕಿತು.

ಇಷ್ಟೆಲ್ಲ ದೊಡ್ಡ ಬುದ್ಧಿ, ಇಷ್ಟೆಲ್ಲ ದುಡಿಮೆ ಮುನವಳ್ಳಿಯ ಒಕ್ಕಲಿಗೆ ಏನು ಕೊಟ್ಟಿತು? ಆ ಕಾಲದ ಮಟ್ಟಿಗೆ ಬಹುತೇಕ ಏನೂ ಇಲ್ಲವೆಂದೇ ಹೇಳಬೇಕು. ಮುನ್ಸೂಚನೆ ಹೇಳಿದ್ದು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಒಟ್ಟು ಮಳೆಯನ್ನು, ಅದೂ ಇಡೀ ದೇಶಕ್ಕೆ ಅಥವಾ ಇಡೀ ದಖ್ಖನ್ನಿಗೆ ಸರಾಸರಿ ಕಟ್ಟಿ. ವಾಕರ್ ದ್ವೀಪಕಲ್ಪವನ್ನು ಬೇರೆಯಾಗಿ ಎಣಿಸಿದ್ದು ಒಂದು ಹೆಜ್ಜೆ ಮುಂದೆ, ಅಷ್ಟೇ. ಘಟ್ಟದ ನೆರಳಿನಲ್ಲಿ ಕೂತ ನಾಡಿಗೆ ಸರಾಸರಿಯಿಂದ ಹೊಟ್ಟೆ ತುಂಬುವುದಿಲ್ಲ. ಜೂನ್, ಜುಲೈಗಳಲ್ಲಿ ಕಣಕುಂಬಿ ಕೊಚ್ಚಿಹೋಗುವಷ್ಟು ಸುರಿದು ಹಸ್ತದಲ್ಲಿ ಮುನವಳ್ಳಿ ಒಣಗಿದರೆ ಕಾಗದದ ಮೇಲೆ ಅದು ಒಳ್ಳೆಯ ವರ್ಷ. ಖಜಾನೆಗೆ, ರೈಲಿನವರಿಗೆ, ಗವರ್ನರರ ಅಂದಾಜಿಗೆ ಆ ಲೆಕ್ಕ ಬೇಕಿತ್ತು. ಅದನ್ನು ಬರೆದದ್ದೂ ಅವರಿಗಾಗಿಯೇ. ಕೂರಿಗೆ ಹಿಡಿದವನ ಪ್ರಶ್ನೆ ಪಂಚಾಂಗದ ಬಳಿಯೇ ಉಳಿಯಿತು.

ಆ ಪ್ರಶ್ನೆಯ ಕಡೆ ಇಲಾಖೆ ತಿರುಗಿದ್ದು ತಡವಾಗಿ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಪುಣೆಗೆ ಇಳಿಯಿತು. ಆಯೋಗದ ಸಲಹೆಯಂತೆ 1932ರಲ್ಲಿ ಅಲ್ಲಿ ಕೃಷಿ ಹವಾಮಾನದ ವಿಭಾಗ ತೆರೆದು ಎಲ್. ಎ. ರಾಮದಾಸ್ ಅದನ್ನು ಕಟ್ಟಿದರು. ರಾಮದಾಸ್ ಸಿ. ವಿ. ರಾಮನ್ನರ ಶಿಷ್ಯರು. ಅವರು ಮುಗಿಲಿಗಿಂತ ನೆಲವನ್ನು ಹೆಚ್ಚು ನೋಡಿದರು: ಮಣ್ಣಿನ ಬಿಸಿ, ಬೆಳೆಯೊಳಗಿನ ಗಾಳಿ, ರಾತ್ರಿಯ ಇಬ್ಬನಿ. ಬಯಲಿನಲ್ಲಿ ತಿಳಿರಾತ್ರಿ ಅತಿ ತಣ್ಣಗಿರುವ ಪದರ ನೆಲದ ಮೇಲಲ್ಲ, ನೆಲದಿಂದ ಗೇಣಿನ ಆಸುಪಾಸು ಮೇಲೆ ಇರುತ್ತದೆಂದು ಅವರು ತೋರಿಸಿದಾಗ ಎಷ್ಟೋ ಜನ ನಂಬಲಿಲ್ಲ. ಆರು ದಶಕದ ನಂತರ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಅದಕ್ಕೆ ಸಿದ್ಧಾಂತದ ಆಧಾರ ಒದಗಿಸಿದರು. 1945ರಲ್ಲಿ ಆಕಾಶವಾಣಿಯಿಂದ ರೈತರಿಗೆಂದೇ ಹವಾಮಾನದ ವಾರ್ತೆ ತೊಡಗಿತು. ಇಲಾಖೆ ಹುಟ್ಟಿ ಎಪ್ಪತ್ತು ವರ್ಷಕ್ಕೆ ಒಕ್ಕಲಿಗನನ್ನು ಉದ್ದೇಶಿಸಿ ಅದು ಬಾಯಿಬಿಟ್ಟಂತಾಯಿತು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದ ಮೇಲೆ ನಾಡಿನ ಹತ್ತಿರದಿಂದಲೇ ಕನ್ನಡದ ದನಿ ಕೇಳತೊಡಗಿತು. ಎಷ್ಟು ಮನೆಗಳಲ್ಲಿ ರೇಡಿಯೊ ಇತ್ತು ಎಂಬುದು ಬೇರೆ ಮಾತು. ಪಂಚಾಯತಿಯ ಕಟ್ಟೆಯ ಮುಂದೆ ನಿಂತು ಕೇಳಿದವರೇ ಹೆಚ್ಚು.

1970ರ ದಶಕದ ಹೊತ್ತಿಗೆ ನವಿಲುತೀರ್ಥದ ಕಣಿವೆಗೆ ಅಣೆಕಟ್ಟು ಬಿದ್ದು ರೇಣುಕಾಸಾಗರ ತುಂಬಿತು. ಕಾಲುವೆ ಮುಟ್ಟಿದ ಹೊಲಗಳಿಗೆ ಮುಗಿಲಿನ ಹಂಗು ಸ್ವಲ್ಪ ಕಳೆಯಿತು, ಮುಟ್ಟದವಕ್ಕೆ ಹಾಗೆಯೇ ಉಳಿಯಿತು. 1988ರಲ್ಲಿ ಕರ್ನಾಟಕ ಸರಕಾರ ಬೆಂಗಳೂರಿನಲ್ಲಿ ಬರ ನಿರ್ವಹಣೆಗೊಂದು ಕೋಶ ತೆರೆಯಿತು. ಅದು ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಆರು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ಅದು ನೆಟ್ಟಿದೆ. 'ವರುಣ ಮಿತ್ರ' ಸಹಾಯವಾಣಿಗೆ ಫೋನು ಹಚ್ಚಿ ತಮ್ಮೂರ ಮಳೆಯ ಸುದ್ದಿಯನ್ನು ರೈತರೇ ಕೇಳಬಹುದು. ತಾಲೂಕಿಗೊಂದು ಲಾಳಿಕೆಯಿಂದ ಇಲ್ಲಿಗೆ ಬಂದ ದಾರಿ ಚಿಕ್ಕದಲ್ಲ.

2025ರ ಬೇಸಿಗೆಯಲ್ಲಿ ಕೇಂದ್ರದ ಕೃಷಿ ಮಂತ್ರಾಲಯ ಕೃತಕ ಬುದ್ಧಿಮತ್ತೆಯ ಮಾದರಿಗಳಿಂದ ಲೆಕ್ಕ ಹಾಕಿಸಿ, ಮುಂಗಾರು ತಮ್ಮ ಕಡೆ ಎಂದು ತೊಡಗುವುದೆಂದು 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲಿಗೆ ನಾಲ್ಕು ವಾರದಷ್ಟು ಮುಂಚೆ ಸಂದೇಶ ಕಳಿಸಿತು. ಇದರ ಹಿಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ಬಳಗವಿತ್ತು. ಬಡ ದೇಶಗಳ ರೈತರಿಗೆ ಮುನ್ಸೂಚನೆ ಮುಟ್ಟಿಸುವುದು ಅತಿ ಅಗ್ಗದ ನೆರವುಗಳಲ್ಲಿ ಒಂದೆಂಬುದು ಅವರ ವಾದ. ಮಳೆ ಎಷ್ಟು ಎನ್ನುವುದರ ಬದಲು ಯಾವಾಗ, ನಡುವೆ ಎಲ್ಲಿ ತಡೆಯುವುದು ಎಂದು ಹೇಳಲು ಹೊರಟದ್ದೇ ಈ ಸಂದೇಶದ ಹೆಚ್ಚುಗಾರಿಕೆ. ಆದರೆ ಅದು ಮುಂಗಾರಿಯ ಮಾತು. ಮುನವಳ್ಳಿಯ ಬಿಳಿಜೋಳದವರು ಕೇಳುವುದು ಸೆಪ್ಟೆಂಬರದ ನಡುವಿನಿಂದ ಅಕ್ಟೋಬರದ ನಡುವಿನವರೆಗಿನ ನಾಲ್ಕು ವಾರವನ್ನು, ಉತ್ತರಿ, ಹಸ್ತಗಳನ್ನು.